ಮಳೆಗಾಲದ ಬೆಳಕಿಗೆ ಬಣ್ಣ: ಕೊಡಗಿನ ಮನೆಯ ಗೋಡೆ, ಮುಚ್ಚಿಗೆ

ಮೂರ್ನಾಡಿನಿಂದ ಸ್ವಲ್ಪ ಒಳಗೆ, ತೋಟದ ನಡುವೆ ಇರುವ ನಮ್ಮ ಮನೆಯ ಹಾಲ್‌ಗೆ ನಾನು ಮೊದಲ ಸಲ ಬಣ್ಣ ಆರಿಸಿದ್ದು ಒಂದು ಏಪ್ರಿಲ್‌ನಲ್ಲಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿಂತು. ಕಾರ್ಡಿನಲ್ಲಿ ಅದು ತಿಳಿ ಬೂದು ಬೆರೆತ ನೀಲಿ. ಬಳಿದ ವಾರ ಬಂದವರೆಲ್ಲ ಹೊಗಳಿದರು. ಜುಲೈ ಬಂತು. ಹೊರಗೆ ಮಂಜು, ಸಿಲ್ವರ್ ಓಕ್ ಮರಗಳ ಅಡಿಯಲ್ಲಿ ಮಧ್ಯಾಹ್ನ ಮೂರಕ್ಕೇ ಮುಸ್ಸಂಜೆ. ಒಳಗೆ ಅದೇ ಗೋಡೆ ಒದ್ದೆ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಅತ್ತೆ ಕಂಬಳಿ ಹೊದ್ದು ಬಂದು ಕೂತು, ಸುತ್ತ ಒಮ್ಮೆ ನೋಡಿ, "ಇದೇನು ಮಾರಾಯ್ತಿ, ಗೋಡೌನ್‌ನಲ್ಲಿ ಕೂತ ಹಾಗೆ ಆಗ್ತದಲ್ಲ" ಅಂದರು.

ಆ ಗೋಡೆಯನ್ನು ಎರಡು ಮಳೆಗಾಲ ಸಹಿಸಿದೆ. ಮೂರನೇ ವರ್ಷ ನಾನೇ ರೋಲರ್ ಹಿಡಿದೆ. ಆಮೇಲೆ ತಂಗಿಯ ಮನೆ, ಭಾವನ ಹೋಮ್‌ಸ್ಟೇಯ ಮೂರು ಕೋಣೆ, ಅಮ್ಮನ ಅಡುಗೆಮನೆ ಎಂದು ಕೆಲಸ ಬೆಳೆಯುತ್ತಾ ಹೋಯಿತು. ಕಲಿತದ್ದು ಮುಖ್ಯವಾಗಿ ಎರಡು. ಕೊಡಗಿನಲ್ಲಿ ಬಣ್ಣ ಆರಿಸಬೇಕಾದದ್ದು ಮಳೆಗಾಲದ ಬೆಳಕಿಗೆ. ಬೇಸಿಗೆಯ ಬಿಸಿಲಿನಲ್ಲಿ ಯಾವ ಬಣ್ಣವೂ ಚೆನ್ನಾಗಿಯೇ ಕಾಣುತ್ತದೆ. ಮತ್ತೆ, ಗೋಡೆಗಿಂತ ಮೊದಲು ತಲೆಯೆತ್ತಿ ಮುಚ್ಚಿಗೆ, ಅಂದರೆ ಸೀಲಿಂಗ್, ನೋಡಬೇಕು. ಕೋಣೆ ಎತ್ತರವೋ ಗಿಡ್ಡವೋ, ಬೆಚ್ಚಗಿದೆಯೋ ತಣ್ಣಗಿದೆಯೋ ಎಂಬ ಅನಿಸಿಕೆ ಅರ್ಧಕ್ಕರ್ಧ ಅಲ್ಲಿಂದ ಬರುತ್ತದೆ.

ಮೊದಲು ಬೆಳಕು ನೋಡಿ

ಬಣ್ಣದ ಕಾರ್ಡು ತರುವ ಮುಂಚೆ ಒಂದು ದಿನ ಕೋಣೆಯಲ್ಲಿ ಸುಮ್ಮನೆ ಕೂರಿ. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಐದಕ್ಕೆ. ಕಿಟಕಿಯ ಎದುರಿನ ಗೋಡೆಗೆ ಒಂದು ಬಿಳಿ ಹಾಳೆ ಅಂಟಿಸಿಡಿ. ಹಳದಿ ಬಲ್ಬ್ ಉರಿಯುವ ಇನ್ನೊಂದು ಕೋಣೆಯಲ್ಲಿ ಐದು ನಿಮಿಷ ಇದ್ದು ಬಂದು ಆ ಹಾಳೆಯನ್ನು ನೋಡಿ. ತೋಟದ ಮನೆಯಾದರೆ ಅದು ಬೆಳ್ಳಗಿರುವುದಿಲ್ಲ, ತೆಳುವಾದ ಹಸಿರೋ ನೀಲಿಯೋ ಹೊದ್ದಂತೆ ಕಾಣುತ್ತದೆ. ನಮ್ಮ ಕಿಟಕಿಗೆ ಬರುವ ಬೆಳಕು ಆಕಾಶದಿಂದ ನೇರವಾಗಿ ಬರುವುದು ಕಡಿಮೆ. ಮರದ ಎಲೆ, ಕಾಫಿ ಗಿಡ, ಅಂಗಳದ ಹುಲ್ಲನ್ನು ಮುಟ್ಟಿಕೊಂಡು ಬರುವುದೇ ಹೆಚ್ಚು.

ಈ ಹಸಿರು ಬೆಳಕು ಕೆಲವು ಬಣ್ಣಗಳನ್ನು ಕೆಡಿಸುತ್ತದೆ. ತಿಳಿ ಗುಲಾಬಿ, ತಿಳಿ ನೇರಳೆ ಮಂಕಾಗಿ ಕೆಸರಿನ ಕಡೆ ಹೋಗುತ್ತವೆ, ಯಾಕೆಂದರೆ ಹಸಿರು ಅವುಗಳ ಕೆಂಪನ್ನು ತಿಂದುಹಾಕುತ್ತದೆ. ಬೂದು ಇನ್ನಷ್ಟು ತಣ್ಣಗಾಗುತ್ತದೆ. ಹಳದಿಯಲ್ಲಿ ಎರಡು ಜಾತಿ ಇದೆ: ನಿಂಬೆಯ ಕಡೆ ವಾಲುವುದು, ಕಿತ್ತಳೆಯ ಕಡೆ ವಾಲುವುದು. ಮೊದಲನೆಯದು ತೋಟದ ಮನೆಯಲ್ಲಿ ಹಸಿರುಗಟ್ಟಿ ಹುಳಿಹುಳಿಯಾಗಿ ಕಾಣುತ್ತದೆ. ಎರಡನೆಯದು ನಿಲ್ಲುತ್ತದೆ. ಬೆಣ್ಣೆಯ ಬಣ್ಣ, ಹಾಲಿಗೆ ಅರ್ಧ ಚಮಚ ಕಾಫಿ ಡಿಕಾಕ್ಷನ್ ಬಿದ್ದಂಥ ಬಣ್ಣ, ಕಿತ್ತಳೆ ಸಿಪ್ಪೆಯ ಒಳಬದಿಯ ಬಣ್ಣ, ಇವೆಲ್ಲ ಮಳೆಗಾಲದಲ್ಲೂ ಮರ್ಯಾದೆ ಉಳಿಸಿಕೊಳ್ಳುತ್ತವೆ.

ಜಿಲ್ಲೆ ಪೂರ್ತಿ ಒಂದೇ ಅಂತ ತಿಳಿಯಬೇಡಿ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಘಟ್ಟ ಇಳಿದು ಕುಶಾಲನಗರಕ್ಕೆ ಬಂದರೆ ಮಳೆಯೂ ಕಡಿಮೆ, ಬಿಸಿಲೂ ಚುರುಕು. ಅಲ್ಲಿಯ ಪಶ್ಚಿಮದ ಕೋಣೆಗೆ ನನ್ನ ಬೆಣ್ಣೆ ಬಣ್ಣ ಬಳಿದರೆ ಸಂಜೆ ಕಣ್ಣು ಕುಕ್ಕುತ್ತದೆ. ಅಲ್ಲಿಯವರು ತಿಳಿ ಹಸಿರು, ತಿಳಿ ಬೂದು ಧೈರ್ಯವಾಗಿ ಹಾಕಬಹುದು.

ದಿಕ್ಕಿನ ಬಗ್ಗೆ ಒಂದು ಮಾತು. ಉತ್ತರದ ಕೋಣೆಗೆ ನೇರ ಬಿಸಿಲು ಬರುವುದೇ ಇಲ್ಲ ಎಂಬ ಪಾಠ ನಮಗೆ ಪೂರ್ತಿ ಹೊಂದುವುದಿಲ್ಲ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 20ರ ಆಸುಪಾಸಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರದಲ್ಲೇ ಇರುತ್ತಾನೆ. ಆದರೆ ಅಷ್ಟು ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೋಡದ ಹಿಂದೆಯೇ ಇರುತ್ತಾನೆ, ಅದು ಬೇರೆ ಮಾತು.

ನೆಲವನ್ನು ಮರೆಯಬೇಡಿ. ಹಳೇ ಮನೆಗಳ ಕೆಂಪು ಕಾವಿ ನೆಲ ಬೆಳಕನ್ನು ಎತ್ತಿ ಗೋಡೆಯ ಕೆಳಭಾಗಕ್ಕೆ ಎಸೆಯುತ್ತದೆ. ಅಂಗಡಿಯಲ್ಲಿ ಕೆನೆ ಬಣ್ಣವಾಗಿದ್ದದ್ದು ಅಲ್ಲಿ ಸಣ್ಣಗೆ ಗುಲಾಬಿಯಾಗುತ್ತದೆ. ನನಗೆ ಅದು ಇಷ್ಟ. ಬೇಡವಾದವರು ಒಂದೆಳೆ ಹಸಿರು ಬೆರೆತ ಬಿಳಿ ಆರಿಸಲಿ. ನೆಲದ ಕೆಂಪು, ಗೋಡೆಯ ಹಸಿರು ಒಂದನ್ನೊಂದು ಸರಿದೂಗಿಸಿ ಗೋಡೆ ಬಿಳಿಯಾಗಿಯೇ ಕಾಣುತ್ತದೆ.

ಮುಚ್ಚಿಗೆ ಮೊದಲು

ನಮ್ಮಲ್ಲಿ ಹೆಚ್ಚಿನವರು ಗೋಡೆಗೆ ಒಂದು ವಾರ ತಲೆ ಕೆಡಿಸಿಕೊಂಡು, ಸೀಲಿಂಗ್‌ಗೆ "ಬಿಳಿ ಹೊಡೀರಿ" ಅಂದುಬಿಡುತ್ತಾರೆ. ಬಿಳಿ ತಪ್ಪಲ್ಲ. ಆದರೆ ಯಾವ ಬಿಳಿ? ಮುಚ್ಚಿಗೆಗೆ ನೇರ ಬೆಳಕು ಬೀಳುವುದಿಲ್ಲ, ನೆಲ ಮತ್ತು ಗೋಡೆಯಿಂದ ತಿರುಗಿ ಬಂದದ್ದಷ್ಟೇ ಸಿಗುತ್ತದೆ. ಅದಕ್ಕೇ ಅಲ್ಲಿ ಯಾವ ಬಣ್ಣವೂ ಗೋಡೆಯಲ್ಲಿ ಕಾಣುವುದಕ್ಕಿಂತ ಗಾಢವಾಗಿ ಕಾಣುತ್ತದೆ. ನೀಲಿ ಛಾಯೆಯ ಅಪ್ಪಟ ಬಿಳಿ ಹಾಕಿದರೆ ಮಳೆಗಾಲದಲ್ಲಿ ಬೂದಿಯಾಗುತ್ತದೆ. ಒಂದು ಹನಿ ಹಳದಿ ಬೆರೆತ ಬೆಚ್ಚನೆಯ ಬಿಳಿ ಹಾಕಿದರೆ ಅದೇ ಮಂದ ಬೆಳಕಿನಲ್ಲಿ ಕಾಫಿ ಹೂವಿನ ಹಾಗೆ ಕಾಣುತ್ತದೆ.

ಆಮೇಲೆ ಎತ್ತರದ ಲೆಕ್ಕ. ಹೊಸ ತಾರಸಿ ಮನೆಗಳಲ್ಲಿ ಸಾಮಾನ್ಯವಾಗಿ ಹತ್ತು ಅಡಿ. ಅಟ್ಟದ ಕೆಳಗಿನ ಕೋಣೆಯಾದರೆ ಎಂಟಕ್ಕೂ ಇಳಿಯುತ್ತದೆ. ಗಿಡ್ಡ ಕೋಣೆ ಎತ್ತರವಾಗಿ ಕಾಣಬೇಕೆಂದರೆ ಗೋಡೆಗೂ ಮುಚ್ಚಿಗೆಗೂ ನಡುವಿನ ಗೆರೆಯನ್ನು ಮಂಕು ಮಾಡಬೇಕು. ಗೋಡೆಯ ಬಣ್ಣದಲ್ಲೇ ಟಿಂಟ್, ಅಂದರೆ ಪೇಂಟಿಗೆ ಬೆರೆಸುವ ಬಣ್ಣದ ಪಾಲು, ಅರ್ಧಕ್ಕೆ ಇಳಿಸಿ ಮುಚ್ಚಿಗೆಗೆ ಹಾಕಿಸಿ. ಮೆಷಿನ್‌ನಲ್ಲಿ ಬಣ್ಣ ಕಲಸಿಕೊಡುವ ಅಂಗಡಿಯಲ್ಲಿ "ಇದೇ ನಂಬರ್, ಅರ್ಧ ಟಿಂಟ್" ಅಂದರೆ ಮಾಡಿಕೊಡುತ್ತಾರೆ. ಗಾಢ ಗೋಡೆ, ಮೇಲೆ ಚಾಕುವಿನಲ್ಲಿ ಕೊಯ್ದಂಥ ಬಿಳಿ ಮುಚ್ಚಿಗೆ ಇದ್ದರೆ ಕಣ್ಣು ನೇರ ಆ ಗೆರೆಗೆ ಹೋಗಿ ಅಲ್ಲೇ ಎತ್ತರ ಅಳೆದುಬಿಡುತ್ತದೆ.

ತೀರಾ ಎತ್ತರದ ಕೋಣೆಗಳೂ ನಮ್ಮಲ್ಲಿವೆ. ಬ್ರಿಟಿಷರ ಕಾಲದ ಎಸ್ಟೇಟ್ ಬಂಗಲೆಗಳಲ್ಲಿ ಮಲಗಿದರೆ ಬಾವಿಯ ತಳದಲ್ಲಿ ಮಲಗಿದ ಹಾಗೆ. ಅಲ್ಲಿ ಮುಚ್ಚಿಗೆಯ ಬಣ್ಣವನ್ನು ಗೋಡೆಯ ಮೇಲೆ ಒಂದರಿಂದ ಒಂದೂವರೆ ಅಡಿ ಕೆಳಗೆ ಇಳಿಸಿ. ಕೋಣೆ ತಗ್ಗಿ ಹತ್ತಿರ ಬರುತ್ತದೆ. ಅಥವಾ ಮುಚ್ಚಿಗೆಗೇ ಗಾಢ ಬಣ್ಣ. ಭಾವನ ಹೋಮ್‌ಸ್ಟೇಯ ಒಂದು ಕೋಣೆಗೆ ನಾನು ಮುಚ್ಚಿಗೆಯಲ್ಲಿ ಹಳೇ ಬೆಲ್ಲದ ಬಣ್ಣ, ಗೋಡೆಗೆ ಕೆನೆ ಹಾಕಿಸಿದೆ. ಹನ್ನೆರಡು ಅಡಿಯ ಕೋಣೆ ರಾತ್ರಿ ದೀಪ ಹಚ್ಚಿದಾಗ ಹತ್ತಡಿ ಅನ್ನಿಸುತ್ತದೆ. "ಮೇಲೆ ಯಾಕಕ್ಕಾ ಕಪ್ಪು?" ಅಂತ ಪೇಂಟಿನವನು ಎರಡು ದಿನ ಗೊಣಗಿದ್ದ. ಕೊನೆಗೆ ಫೋಟೋ ತೆಗೆದುಕೊಂಡು ಹೋದ.

ಮರದ ಮುಚ್ಚಿಗೆ ಇದ್ದರೆ? ದಯವಿಟ್ಟು ಬಿಳಿ ಎನಾಮಲ್ ಹೊಡೆಯಬೇಡಿ. ಹಲಸು, ಬೀಟೆ, ತೇಗದ ಹಲಗೆಯ ಮೇಲೆ ಒಮ್ಮೆ ಎನಾಮಲ್ ಬಿದ್ದರೆ ಅದನ್ನು ಕೆರೆದು ತೆಗೆಯುವುದು ತಿಂಗಳ ಕೆಲಸ. ಮರ ಕತ್ತಲೆ ಅನ್ನಿಸಿದರೆ ಗೋಡೆಯನ್ನು ಬೆಳಗಿಸಿ, ಮರ ಹಾಗೇ ಇರಲಿ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಮಾಡಿಸುವವರಿಗೆ ನನ್ನದೊಂದು ಗೊಣಗಾಟ: ಮಡಿಕೇರಿಯ ತೇವದಲ್ಲಿ ಅದು ಜೋತುಬಿದ್ದದ್ದನ್ನು ನಾನು ನೋಡಿದ್ದೇನೆ.

ಮುಚ್ಚಿಗೆಗೆ ಯಾವಾಗಲೂ ಮ್ಯಾಟ್ ಪೇಂಟ್. ಹೊಳಪಿನದು ಹಾಕಿದರೆ ಕಿಟಕಿಯ ಓರೆ ಬೆಳಕಿನಲ್ಲಿ ಸೆಂಟ್ರಿಂಗ್ ಹಲಗೆಯ ಪ್ರತಿಯೊಂದು ಗುರುತೂ ಎದ್ದು ಕಾಣುತ್ತದೆ.

ಗೋಡೆಯಲ್ಲಿ ಕೋಣೆಯ ಆಕಾರ ಬದಲಿಸುವುದು

ಬೆಚ್ಚನೆಯ ಮತ್ತು ಗಾಢ ಬಣ್ಣ ಗೋಡೆಯನ್ನು ಹತ್ತಿರ ತರುತ್ತದೆ, ತಣ್ಣನೆಯ ತಿಳಿ ಬಣ್ಣ ದೂರ ಸರಿಸುತ್ತದೆ. ಉದ್ದನೆಯ, ರೈಲು ಡಬ್ಬಿಯಂಥ ಹಾಲ್ ಇದ್ದರೆ ತುದಿಯ ಚಿಕ್ಕ ಗೋಡೆಗೆ ಗಾಢ ಬಣ್ಣ, ಉದ್ದದ ಎರಡಕ್ಕೂ ತಿಳಿ ಬಣ್ಣ ಹಾಕಿ; ಕೋಣೆ ಚೌಕದ ಕಡೆ ಬರುತ್ತದೆ. ಇದಕ್ಕೆ ಬೇರೆ ಮ್ಯಾಜಿಕ್ ಏನೂ ಇಲ್ಲ.

ಗಾಢ ಬಣ್ಣ ಒಂದೇ ಗೋಡೆಗೆ ಅಂದುಕೊಂಡರೆ ಯಾವ ಗೋಡೆ ಅನ್ನುವಲ್ಲಿ ಹೆಚ್ಚಿನವರು ಎಡವುತ್ತಾರೆ. ಕಿಟಕಿ ಇರುವ ಗೋಡೆಯನ್ನು ಬಿಟ್ಟುಬಿಡಿ. ಬೆಳಕು ಅದರ ಹಿಂದಿನಿಂದ ಬರುವ ಕಾರಣ ಅದು ಯಾವಾಗಲೂ ಕೋಣೆಯ ಅತಿ ಕತ್ತಲೆಯ ಗೋಡೆ. ಅಲ್ಲೇ ಗಾಢ ಬಣ್ಣ ಹಾಕಿದರೆ ಕಿಟಕಿ ಕಣ್ಣಿಗೆ ಚುಚ್ಚುತ್ತದೆ, ಸುತ್ತ ಗುಹೆಯಾಗುತ್ತದೆ. ಅದಕ್ಕೆ ಇರುವುದರಲ್ಲೇ ತಿಳಿಯಾದ ಬಣ್ಣ ಕೊಡಿ. ಹಳೇ ಮನೆಯಾದರೆ ಗೋಡೆಯ ದಪ್ಪ ಒಂದೂವರೆ ಅಡಿ ಇರುತ್ತದಲ್ಲ, ಕಿಟಕಿಯ ಅಕ್ಕಪಕ್ಕದ ಆ ದಪ್ಪಕ್ಕೆ ಬಿಳಿ ಬಳಿಯಿರಿ. ಒಂದು ಲೀಟರಿನ ಖರ್ಚು. ಒಳಗೆ ಬರುವ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಈ ಲೇಖನದಲ್ಲಿ ಇನ್ನೊಂದಿಲ್ಲ.

ಬಣ್ಣದ ಕಾರ್ಡಿನ ಹಿಂದೆ ಕೆಲವೊಮ್ಮೆ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದೆ. ಆ ಬಣ್ಣ ಎಷ್ಟು ಬೆಳಕನ್ನು ಹಿಂತಿರುಗಿಸುತ್ತದೆ ಎಂಬ ಲೆಕ್ಕ. ಕಪ್ಪು ಸೊನ್ನೆಯ ಹತ್ತಿರ, ಬಿಳಿ ನೂರರ ಹತ್ತಿರ. ನನ್ನ ಅನುಭವದಲ್ಲಿ ತೋಟದ ಮನೆಯ ಮುಚ್ಚಿಗೆಗೆ 80ರ ಮೇಲೆ, ಗೋಡೆಗೆ 60ರಿಂದ 75 ಸರಿ. ಗೋಡೆಗೂ 85, 90 ಹಾಕಿದರೆ ಇನ್ನೂ ಬೆಳಕಾಗಬಹುದಲ್ಲ ಅನ್ನಬೇಡಿ. ಬೆಳಕೇ ಬರದ ಕೋಣೆಯಲ್ಲಿ ಬಿಳಿ ಬಣ್ಣಕ್ಕೆ ಹಿಂತಿರುಗಿಸಲು ಏನಿರುತ್ತದೆ? ಮೂಲೆಗಳಲ್ಲಿ ಬೂದು ನೆರಳು ಮಾತ್ರ. ಅಂಥ ಕೋಣೆಗೆ ಬಿಳಿಗಿಂತ ನಡುಮಟ್ಟದ ಬೆಚ್ಚನೆಯ ಬಣ್ಣ ಒಳ್ಳೆಯದು. ಇನ್ನೂ ಕತ್ತಲೆಯಾದ ಸಣ್ಣ ಕೋಣೆಗೆ, ಉದಾಹರಣೆಗೆ ಪುಸ್ತಕದ ಕೋಣೆಗೆ, ಮುಚ್ಚಿಗೆ ಸೇರಿ ಪೂರ್ತಿ ಗಾಢ ಬಣ್ಣ ಹಾಕಿ ಬಲ್ಬಿನಲ್ಲಿ ಆಟ ಆಡಬಹುದು. ಆಗಸ್ಟ್ 3ಕ್ಕೆ, ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ, ನೇರಳೆ ಬಣ್ಣ ಬಿಡುವ ಮದ್ದುಸೊಪ್ಪಿನ ಪಾಯಸ ಮಾಡುತ್ತೇವಲ್ಲ, ಆ ನೇರಳೆಯನ್ನು ಒಂದು ಓದುವ ಕೋಣೆಗೆ ಹಾಕುವ ಆಸೆ ನನಗೆ ಬಹಳ ವರ್ಷದಿಂದ ಇದೆ. ಮನೆಯವರು ಇನ್ನೂ ಒಪ್ಪಿಲ್ಲ.

ಬಲ್ಬಿನ ವಿಷಯ. ಡಬ್ಬಿಯ ಮೇಲೆ 6500 ಕೆ ಎಂದಿದ್ದರೆ ನೀಲಿ ಬಿಳಿ, 3000 ಅಥವಾ 2700 ಎಂದಿದ್ದರೆ ಹಳದಿ ಬೆಳಕು. ಬೆಣ್ಣೆ ಬಣ್ಣದ ಗೋಡೆಗೆ 6500ರ ಬಲ್ಬ್ ಹಾಕಿದರೆ ದುಡ್ಡು ಕೊಟ್ಟು ತಂದ ಬೆಚ್ಚಗೆಲ್ಲ ನೀರಿಗೆ ಹೋದ ಹಾಗೆ. ಮಳೆಗಾಲದಲ್ಲಿ ನಮ್ಮ ಬದುಕು ಹಗಲೂ ಬಲ್ಬಿನ ಕೆಳಗೇ ನಡೆಯುವುದರಿಂದ ಬಣ್ಣದ ಜೊತೆಗೇ ಬಲ್ಬನ್ನೂ ತೀರ್ಮಾನಿಸಿ. ಕರೆಂಟ್ ಹೋದಾಗ ಉರಿಯುವ ಇನ್ವರ್ಟರ್ ಲೈಟನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾರ್ಡನ್ನು ನಂಬಬೇಡಿ

ಎರಡು ಇಂಚಿನ ಕಾರ್ಡಿನಲ್ಲಿ ತಿಳಿಯಾಗಿ ಕಂಡದ್ದು ನಾನೂರು ಚದರ ಅಡಿಯಲ್ಲಿ ಗಾಢವಾಗುತ್ತದೆ. ಎದುರುಬದುರಿನ ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದಕ್ಕೆ ಎರಚುತ್ತವೆ, ಅದಕ್ಕೆ. ಮನಸ್ಸಿಗೆ ಹಿಡಿಸಿದ ಬಣ್ಣಕ್ಕಿಂತ ಕಾರ್ಡಿನಲ್ಲಿ ಒಂದು ಮೆಟ್ಟಿಲು ತಿಳಿಯಾದದ್ದನ್ನು ತೆಗೆದುಕೊಳ್ಳುವುದು ಒಳ್ಳೆಯ ಅಭ್ಯಾಸ.

ಚಿಕ್ಕ ಸ್ಯಾಂಪಲ್ ಡಬ್ಬಿ ಸಿಕ್ಕರೆ ಅದು, ಇಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಡಬ್ಬಿ ತನ್ನಿ. ಗೋಡೆಗೆ ನೇರ ಬಳಿಯಬೇಡಿ, ಹಳೇ ಬಣ್ಣ ಪಕ್ಕದಲ್ಲೇ ಇದ್ದು ಕಣ್ಣಿಗೆ ಮೋಸ ಮಾಡುತ್ತದೆ. ದಪ್ಪ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹೊಡೆದು, ಸುತ್ತ ಎರಡು ಇಂಚು ಬಿಳಿ ಬಿಟ್ಟು, ಒಣಗಿಸಿ. ಒಂದು ಶೀಟ್ ಕಿಟಕಿಯ ಎದುರಿಗೆ, ಒಂದು ಕತ್ತಲೆ ಮೂಲೆಗೆ, ಇನ್ನೊಂದು ನೆಲದ ಹತ್ತಿರ ಅಂಟಿಸಿ. ಮುಚ್ಚಿಗೆಯ ಬಣ್ಣದ ಶೀಟನ್ನು ಮುಚ್ಚಿಗೆಗೇ ಅಂಟಿಸಬೇಕು, ಮೇಜಿನ ಮೇಲಿಟ್ಟು ನೋಡಿ ಪ್ರಯೋಜನ ಇಲ್ಲ. ಮೂರು ದಿನ ಬಿಡಿ. ಒಂದು ಸಂಜೆ ಪರದೆ ಎಳೆದು ಬಲ್ಬ್ ಹಾಕಿ ನೋಡಿ. ಸಾಧ್ಯವಿದ್ದರೆ ಈ ಪರೀಕ್ಷೆಯನ್ನು ಆಗಸ್ಟ್‌ನಲ್ಲೇ ಮಾಡಿ, ಬಳಿಯುವುದು ಜನವರಿಗೆ ಇರಲಿ. ಐದು ತಿಂಗಳ ಮುಂಚೆ ಯಾರು ಯೋಚಿಸುತ್ತಾರೆ ಅಂತ ನಗಬೇಡಿ. ನಾನು ಈಗ ಹಾಗೇ ಮಾಡುವುದು.

ತೇವ ಇರುವಾಗ ಯಾವ ಬಣ್ಣವೂ ನಿಲ್ಲುವುದಿಲ್ಲ

ಇಲ್ಲಿ ನಿಧಾನಿಸಬೇಕು. ಕೊಡಗಿನಲ್ಲಿ ಬಣ್ಣ ಕೆಡುವುದಕ್ಕೆ ಬಣ್ಣದ ಕಂಪನಿ ಕಾರಣವಾಗುವುದು ಅಪರೂಪ. ಗೋಡೆಯೊಳಗಿನ ನೀರು ಕಾರಣ.

ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕಡಿದು ಕಟ್ಟಿದ ಮನೆಗಳಲ್ಲಿ ಬರೆಯ ಕಡೆಯ ಗೋಡೆ ವರ್ಷವಿಡೀ ತೇವ ಕುಡಿಯುತ್ತಿರುತ್ತದೆ. ಗೋಡೆಗೂ ಬರೆಗೂ ನಡುವೆ ಚರಂಡಿ ಇದೆಯೇ, ಅದರಲ್ಲಿ ಎಲೆ ಕಟ್ಟಿಕೊಂಡಿದೆಯೇ ನೋಡಿ. ಎಷ್ಟೋ ಮನೆಯ "ವಾಟರ್‌ಪ್ರೂಫಿಂಗ್ ಸಮಸ್ಯೆ" ಒಂದು ಗುದ್ದಲಿ ಕೆಲಸದಲ್ಲಿ ಮುಗಿಯುತ್ತದೆ. ಹಂಚು ಒಡೆದಿದ್ದರೆ ಬದಲಿಸಿ, ತಾರಸಿಗೆ ಶೀಟ್ ಹೊದಿಸಿದ್ದರೆ ಮೊಳೆಯ ತೂತುಗಳನ್ನು ನೋಡಿ, ಮಳೆನೀರಿನ ದಂಬೆ ಗೋಡೆಗೆ ಸುರಿಯುತ್ತಿದೆಯೇ ನೋಡಿ. ಒಂದು ವರ್ಷ ನಾನು ಅವಸರದಲ್ಲಿ ಹಂಚು ನೋಡದೆ ಮುಚ್ಚಿಗೆಗೆ ಬಣ್ಣ ಹೊಡೆಸಿದೆ. ಜೂನ್ ಎರಡನೇ ವಾರಕ್ಕೆ ಹೊಸ ಬಿಳಿಯ ಮೇಲೆ ಚಹಾ ಚೆಲ್ಲಿದ ಹಾಗೆ ಕಂದು ಉಂಗುರ. ಅದರ ಮೇಲೆ ಮತ್ತೆ ಎಮಲ್ಷನ್ ಹೊಡೆದರೂ ಕಲೆ ಮೇಲೆದ್ದು ಬಂತು, ಯಾಕೆಂದರೆ ನೀರಿನಲ್ಲಿ ಕರಗುವ ಕಲೆಯನ್ನು ನೀರಿನ ಪೇಂಟ್ ಮುಚ್ಚುವುದಿಲ್ಲ. ಸೋರುವುದು ನಿಂತ ಮೇಲೆ ಆ ಜಾಗಕ್ಕೆ ಮಾತ್ರ ಆಯಿಲ್ ಪ್ರೈಮರ್ ಒಂದು ಕೋಟ್ ಕೊಟ್ಟು, ಆಮೇಲೆ ಬಣ್ಣ ಹಾಕಬೇಕು. ಸೌದೆ ಒಲೆಯ ಅಡುಗೆಮನೆಯ ಮಸಿಗೂ ಇದೇ ಮದ್ದು: ಇಲ್ಲಣ ಗುಡಿಸಿ, ಸೋಡಾ ಹಾಕಿದ ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಆಯಿಲ್ ಪ್ರೈಮರ್.

ತೇವದ ಪರೀಕ್ಷೆಗೆ ಮೀಟರ್ ಬೇಡ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪ್ ಹಾಕಿ ಒಂದು ಹಗಲು ಒಂದು ರಾತ್ರಿ ಬಿಡಿ. ತೆಗೆದಾಗ ಗೋಡೆಗೆ ತಾಗಿದ ಬದಿಯಲ್ಲಿ ಹನಿ ಕೂತಿದ್ದರೆ ಗೋಡೆ ಒಳಗಿಂದ ಬೆವರುತ್ತಿದೆ. ಹೊರಬದಿಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದರೆ ಸಾಕು. ಹೊಸ ಪ್ಲಾಸ್ಟರ್ ಆದರೆ ಕನಿಷ್ಠ 28 ದಿನ ಅನ್ನುತ್ತಾರೆ. ನಮ್ಮ ಕಡೆ ಎರಡು ತಿಂಗಳು ಬಿಟ್ಟವರು ಪಶ್ಚಾತ್ತಾಪ ಪಟ್ಟದ್ದಿಲ್ಲ.

ಬೂಸ್ಟು ಹಿಡಿದ ಜಾಗಕ್ಕೆ: ಮನೆಗೆ ತರುವ ಬ್ಲೀಚ್ ಒಂದು ಪಾಲು, ನೀರು ಮೂರು ಪಾಲು. ಕೈಗವಸು ಹಾಕಿ, ಕಿಟಕಿ ತೆರೆದು, ಸ್ಪಂಜಿನಲ್ಲಿ ಹಚ್ಚಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಉಜ್ಜಿ, ನೀರಿನಲ್ಲಿ ಒರೆಸಿ. ಆಮೇಲೆ ಎರಡು ಮೂರು ದಿನ ಒಣಗಬೇಕು. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಅಥವಾ ಅಮೋನಿಯಾ ಇರುವ ಯಾವುದನ್ನೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಬೂಸ್ಟಿನ ಮೇಲೆಯೇ ಬಣ್ಣ ಹೊಡೆದರೆ ಒಂದು ಮಳೆಗಾಲದಲ್ಲಿ ಕಪ್ಪು ಚುಕ್ಕಿ ವಾಪಸ್.

ಹಳೇ ಬಣ್ಣ ಕೆರೆಯುವ ಮುನ್ನ ಇನ್ನೊಂದು ಎಚ್ಚರ. ಮನೆಯ ಪೇಂಟಿನಲ್ಲಿ ವಿಷಲೋಹವಾದ ಸೀಸ (ಲೆಡ್) 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ದಾಟಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮಲ್, ಮುಖ್ಯವಾಗಿ ಬಾಗಿಲು ಕಿಟಕಿಯದ್ದು, ಒಣಗಿದ್ದಾಗ ಉಜ್ಜಬೇಡಿ. ನೀರು ಚಿಮುಕಿಸಿ ಒದ್ದೆಯಾಗಿಯೇ ಉಜ್ಜಿ, ಆ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮಕ್ಕಳು, ಗರ್ಭಿಣಿಯರು ಆ ದಿನ ಬೇರೆ ಮನೆಯಲ್ಲಿರಲಿ.

ಯಾವಾಗ, ಎಷ್ಟು

ಕೊಡಗಿನ ಸುಗ್ಗಿಹಬ್ಬ ಹುತ್ತರಿ ಮುಗಿದು, ಕಣದಲ್ಲಿ ಕಾಫಿ ಹರಡುವ ಕಾಲವೇ ಗೋಡೆಗೂ ಒಳ್ಳೆಯ ಕಾಲ. ಕಾಫಿ ಒಣಗಿಸುವ ಬಿಸಿಲೇ ಬಣ್ಣಕ್ಕೂ ಬೇಕಾದದ್ದು. ಡಿಸೆಂಬರ್ ಕೊನೆಯಿಂದ ಮಾರ್ಚ್ ತನಕ ಸಲೀಸು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಎರಡು ದಿನ ಕೈಕಟ್ಟಿ ಕೂರಿ. ಬೆಳಗ್ಗೆ ಮಂಜು ಆರಿ ಹತ್ತು ಗಂಟೆಗೆ ಶುರು ಮಾಡಿ ಮೂರೂವರೆಗೆ ನಿಲ್ಲಿಸಿ. ಸಂಜೆಯ ಚಳಿಯಲ್ಲಿ ಹೊಡೆದ ಕೋಟ್ ಸರಿಯಾಗಿ ಹಿಡಿಯುವುದಿಲ್ಲ. ಗಾಳಿಯ ತೇವ ಅಳೆಯುವ ನನ್ನ ಉಪಕರಣ ಟವೆಲ್: ಹಿಂಡಿದ ಟವೆಲನ್ನು ಬೆಳಗ್ಗೆ ಕೋಣೆಯೊಳಗೆ ಹಗ್ಗಕ್ಕೆ ಹಾಕಿ, ಸಂಜೆಯೊಳಗೆ ಒಣಗದಿದ್ದರೆ ಆ ದಿನ ಬಣ್ಣದ ಡಬ್ಬಿ ತೆರೆಯಬೇಡಿ.

ಲೆಕ್ಕ ಹೀಗೆ. 12 ಅಡಿ ಚೌಕದ, 10 ಅಡಿ ಎತ್ತರದ ಕೋಣೆಗೆ ನಾಲ್ಕು ಗೋಡೆ ಸೇರಿ 480 ಚದರ ಅಡಿ. ಒಂದು ಬಾಗಿಲು 21, ಎರಡು ಕಿಟಕಿ 32 ಕಳೆದರೆ 427. ಮುಚ್ಚಿಗೆ 144. ಪುಟ್ಟಿ, ಪ್ರೈಮರ್ ಆದ ಗೋಡೆಗೆ ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ 60ರಿಂದ 70 ಚದರ ಅಡಿ ಬರುತ್ತದೆ. ಗೋಡೆಗೆ ಏಳು ಲೀಟರ್, ಮುಚ್ಚಿಗೆಗೆ ಎರಡೂವರೆ. ಗಾಢ ಬಣ್ಣಕ್ಕೆ ಮೂರನೇ ಕೋಟ್ ಬೇಕಾಗುತ್ತದೆ, ಅದರ ಬೇಸ್‌ನಲ್ಲಿ, ಅಂದರೆ ಬಣ್ಣ ಕಲಸುವ ಮೂಲ ಪೇಂಟಿನಲ್ಲಿ, ಬಿಳಿ ಕಡಿಮೆ ಇರುವುದರಿಂದ ಹಿಂದಿನದನ್ನು ಬೇಗ ಮುಚ್ಚುವುದಿಲ್ಲ. ಎಲ್ಲ ಡಬ್ಬಿಯನ್ನೂ ಒಂದೇ ದಿನ ಕಲಸಿ ತನ್ನಿ. ಒಂದೇ ನಂಬರ್ ಆದರೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆ ವ್ಯತ್ಯಾಸ ಇರುತ್ತದೆ. ದೊಡ್ಡ ಬಕೆಟಿಗೆ ಎಲ್ಲ ಸುರಿದು ಒಟ್ಟಿಗೆ ಕಲಸಿಕೊಂಡರೆ ಗೋಡೆಯ ನಡುವೆ ಗೆರೆ ಬೀಳುವುದಿಲ್ಲ.

ಹೊಳಪಿನ ವಿಷಯಕ್ಕೆ ಬಂದರೆ, ಗೋಡೆಗೆ ತೀರಾ ಮ್ಯಾಟ್ ಬೇಡ. ಮಳೆಗಾಲದಲ್ಲಿ ವರ್ಷಕ್ಕೊಮ್ಮೆಯಾದರೂ ಒರೆಸಬೇಕಾಗುತ್ತದೆ, ಸ್ವಲ್ಪ ಮಿನುಗು ಇರುವ ಎಮಲ್ಷನ್ ತಡೆದುಕೊಳ್ಳುತ್ತದೆ.

ಬಳಿಯುವ ದಿನ

ಸಾಮಾನು ಕೋಣೆಯ ನಡುವಿಗೆ ಎಳೆದು ಹಳೇ ಬೆಡ್‌ಶೀಟ್ ಹೊದಿಸಿ. ಮೇನ್ ಆಫ್ ಮಾಡಿ ಸ್ವಿಚ್‌ಬೋರ್ಡಿನ ಪ್ಲೇಟ್ ಬಿಚ್ಚಿ. ಬಿರುಕು, ಮೊಳೆತೂತಿಗೆ ಸಿಮೆಂಟ್ ಪುಟ್ಟಿ; ತೇವದ ಊರಿಗೆ ಅದೇ ಸರಿ. ಒಣಗಿದ ಮೇಲೆ 180ರ ಸ್ಯಾಂಡ್‌ಪೇಪರ್, ಆಮೇಲೆ 220. ಉಜ್ಜಿ ಆದಮೇಲೆ ಬಲ್ಬನ್ನು ಗೋಡೆಗೆ ಒತ್ತಿ ಓರೆಯಾಗಿ ಹಿಡಿದು ನೋಡಿ, ಅಂಗೈಗೆ ಸಿಗದ ಉಬ್ಬುತಗ್ಗೆಲ್ಲ ನೆರಳಾಗಿ ಬೀಳುತ್ತದೆ. ಪುಡಿ ಒರೆಸಿ, ಪ್ರೈಮರ್ ಒಂದು ಕೋಟ್, ರಾತ್ರಿ ಬಿಡಿ.

ಕ್ರಮ ಯಾವತ್ತೂ ಮೇಲಿಂದ ಕೆಳಕ್ಕೆ: ಮುಚ್ಚಿಗೆ, ಗೋಡೆ, ಕೊನೆಗೆ ಬಾಗಿಲು ಕಿಟಕಿ. ಮುಚ್ಚಿಗೆಯ ಅಂಚಿಗೆ ಎರಡು ಇಂಚಿನ ಬ್ರಷ್‌ನಲ್ಲಿ ಸುತ್ತ ಒಂದು ಪಟ್ಟಿ ಎಳೆಯುವುದನ್ನು ಪೇಂಟಿನವರು ಕಟಿಂಗ್ ಅನ್ನುತ್ತಾರೆ. ಕೋಣೆ ಪೂರ್ತಿ ಕಟಿಂಗ್ ಮುಗಿಸಿ ಆಮೇಲೆ ರೋಲರ್ ಹಿಡಿದರೆ ಅಂಚು ಒಣಗಿ ಫೋಟೋ ಫ್ರೇಮಿನ ಹಾಗೆ ಗುರುತು ಬೀಳುತ್ತದೆ. ಒಂದು ಬದಿ ಕಟಿಂಗ್, ಒದ್ದೆ ಇರುವಾಗಲೇ ಅದಕ್ಕೆ ತಾಗಿಸಿ ರೋಲರ್, ಹಾಗೆ ಮುಂದುವರಿಯಿರಿ. ಇಬ್ಬರಿದ್ದರೆ ಒಬ್ಬರು ಬ್ರಷ್, ಒಬ್ಬರು ರೋಲರ್. ಮುಚ್ಚಿಗೆಯ ಕೊನೆಯ ಕೋಟನ್ನು ಕಿಟಕಿಯಿಂದ ಒಳಕ್ಕೆ, ಬೆಳಕು ಹರಿಯುವ ದಿಕ್ಕಿನಲ್ಲೇ ಎಳೆಯಿರಿ. ಅಡ್ಡ ಎಳೆದರೆ ಪ್ರತಿ ಪಟ್ಟೆಗೂ ಒಂದು ನೆರಳು.

ರೋಲರನ್ನು ಬಣ್ಣದಲ್ಲಿ ಮುಳುಗಿಸಬೇಡಿ, ಟ್ರೇಯ ಇಳಿಜಾರಿನಲ್ಲಿ ಉರುಳಿಸಿ. ಎತ್ತಿದಾಗ ಹನಿ ಬಿದ್ದರೆ ಹೆಚ್ಚಾಯಿತು, ಗೋಡೆಗೆ ಒತ್ತಿದಾಗ ಚರಚರ ಸದ್ದಾದರೆ ಕಡಿಮೆಯಾಯಿತು. ಡಬ್ಬಿಯ ಮೇಲೆ ಎರಡು ಕೋಟ್ ನಡುವೆ ನಾಲ್ಕು ಗಂಟೆ ಅಂತ ಬರೆದಿದ್ದರೂ ಇಲ್ಲಿ ಒಂದು ರಾತ್ರಿ ಬಿಡಿ. ಮಾಸ್ಕಿಂಗ್ ಟೇಪನ್ನು ಬಣ್ಣ ಪೂರ್ತಿ ಒಣಗುವ ಮುನ್ನ ಓರೆಯಾಗಿ ಎಳೆದು ತೆಗೆಯಿರಿ, ತಡ ಮಾಡಿದರೆ ಜೊತೆಗೆ ಬಣ್ಣದ ಸಿಪ್ಪೆಯೂ ಬರುತ್ತದೆ.

ಮಣ್ಣಿನ ಗೋಡೆಯ ಮನೆಗಳಿಗೆ

ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯೋ, ಅಜ್ಜನ ಕಾಲದ ಹಂಚಿನ ಮನೆಯೋ ಆಗಿ ಗೋಡೆ ಮಣ್ಣಿನದಾದರೆ ಮೇಲೆ ಹೇಳಿದ ಎಮಲ್ಷನ್, ಪುಟ್ಟಿ ಎಲ್ಲ ಪಕ್ಕಕ್ಕಿಡಿ. ಮಣ್ಣಿನ ಗೋಡೆ ತೇವ ಎಳೆದುಕೊಂಡು ಬಿಡುತ್ತಾ ಇರುತ್ತದೆ. ಪ್ಲಾಸ್ಟಿಕ್ ಪೇಂಟಿನ ಪದರ ಹೊದಿಸಿದರೆ ನೀರು ಒಳಗೇ ಸಿಕ್ಕಿಬಿದ್ದು ಬಣ್ಣ ಹಪ್ಪಳದ ಹಾಗೆ ಉಬ್ಬಿ, ಮಣ್ಣನ್ನೂ ಎಳೆದುಕೊಂಡು ಉದುರುತ್ತದೆ. ಅಲ್ಲಿ ಸುಣ್ಣವೇ ಸರಿ. ನೀರಿನಲ್ಲಿ ಅರಳಿಸಿ, ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆಯನ್ನು ಮೊದಲು ಒದ್ದೆ ಮಾಡಿ, ಮೂರು ನಾಲ್ಕು ಕೋಟ್. ಬಳಿಯುವಾಗ ಏನೂ ಕಾಣದು, ಒಣಗಿದ ಮೇಲೆ ಬಿಳುಪು ಏಳುತ್ತದೆ. ಹೊಸಬರು ಇಲ್ಲೇ ಗಾಬರಿಯಾಗಿ ದಪ್ಪ ಬಳಿದು ಕೆಡಿಸುತ್ತಾರೆ. ಕಣ್ಣಿಗೆ ಕನ್ನಡಕ ಹಾಕಿ, ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ.

ಅಜ್ಜಿಯಂದಿರು ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುತ್ತಿದ್ದರು. ಸುಣ್ಣದ ಹಳದಿ ಛಾಯೆಯನ್ನು ನೀಲಿ ಮರೆಸಿ ಬೆಳ್ಳಗೆ ತೋರಿಸುತ್ತದೆ. ಬಿಸಿಲು ಬೀಳುವ ಹೊರಜಗಲಿಗೆ ಅದು ಚೆನ್ನ. ಒಳಕೋಣೆಗೆ ನಾನು ನೀಲಿ ಬಿಟ್ಟು, ಸೋಸಿದ ಕೆಮ್ಮಣ್ಣಿನ ತಿಳಿಯನ್ನು ಬಕೆಟಿಗೆ ಒಂದು ಲೋಟದಷ್ಟು ಬೆರೆಸುತ್ತೇನೆ. ಒಣಗಿದ ಮೇಲೆ ಅಕ್ಕಿರೊಟ್ಟಿ ಹದವಾಗಿ ಬೆಂದ ಬಣ್ಣ. ಅದೇ ಮಣ್ಣನ್ನು ಗಟ್ಟಿಯಾಗಿ ಕಲಸಿ ಕೆಳಗೆ ಅರ್ಧ ಅಡಿ ಪಟ್ಟಿ ಎಳೆದರೆ ಪೊರಕೆಯ ಗುರುತು, ನೀರಿನ ಸಿಡಿತ ಯಾವುದೂ ಕಾಣುವುದಿಲ್ಲ.

ಎಲ್ಲ ಮುಗಿದ ಮೇಲೆ ಉಳಿದ ಬಣ್ಣವನ್ನು ಚಿಕ್ಕ ಗಾಜಿನ ಬಾಟಲಿಗೆ ತುಂಬಿ, ಕೋಣೆಯ ಹೆಸರು, ಶೇಡ್ ನಂಬರ್, ತಿಂಗಳು ಬರೆದ ಚೀಟಿ ಅಂಟಿಸಿ ಅಟ್ಟದಲ್ಲಿಡಿ. ಬೀರು, ಸೋಫಾಗಳನ್ನು ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಬೂಸ್ಟು ಮೊದಲು ಹಿಡಿಯುವುದು ಬೀರುವಿನ ಬೆನ್ನ ಹಿಂದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮನೆ ಗುಡಿಸುವಾಗ ಒಮ್ಮೆ ಟಾರ್ಚ್ ಹಿಡಿದು ಅಲ್ಲಿ ಬಗ್ಗಿ ನೋಡಿ.